ಕಾನೂನಿನ ಮುದ್ರೆ ಬಿದ್ದ ಅನ್ಯಾಯ

ಫೆಲೆಸ್ತೀನಿನ ಪ್ರಶ್ನೆ ಬಂದಾಗಲೆಲ್ಲ ನಾವು ತಪ್ಪದೆ ಕೇಳುವ ಮಾತೊಂದಿದೆ: ಅಲ್ಲಿ ಅಂತಾರಾಷ್ಟ್ರೀಯ ಕಾನೂನಿನ ಉಲ್ಲಂಘನೆಯಾಗುತ್ತಿದೆ. ಮಾತು ಸುಳ್ಳಲ್ಲ, ಆದರೆ ಅರ್ಧಸತ್ಯ. ಆ ಜನತೆಗೆ ಮೊದಲ ಪೆಟ್ಟು ಬಿದ್ದದ್ದು ಕಾನೂನು ಮುರಿದುದರಿಂದಲ್ಲ, ಕಾನೂನಿನ ಹೆಸರಿನಲ್ಲೇ.

1917ರ ನವೆಂಬರ್ 2ರಂದು ಬ್ರಿಟನ್ನಿನ ವಿದೇಶಾಂಗ ಸಚಿವ ಬಾಲ್ಫೋರ್ ತನ್ನದಲ್ಲದ ನೆಲದಲ್ಲಿ ಯಹೂದಿಯರಿಗೆ ರಾಷ್ಟ್ರೀಯ ನೆಲೆಯ ವಾಗ್ದಾನವಿತ್ತರು. ಅಲ್ಲಿನ ಜನಸಂಖ್ಯೆಯ ಸುಮಾರು ಹತ್ತರಲ್ಲಿ ಒಂಬತ್ತು ಪಾಲಿನಷ್ಟಿದ್ದ ಅರಬರ ಹೆಸರೇ ಆ ಪತ್ರದಲ್ಲಿಲ್ಲ. ಅವರು ಬರೀ 'ಯಹೂದಿಯೇತರ ಸಮುದಾಯಗಳು'. ಅವರಿಗೆ ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳ ಭರವಸೆಯಿತ್ತು, ರಾಜಕೀಯ ಹಕ್ಕಿನ ಸೊಲ್ಲಿರಲಿಲ್ಲ.

ಅನಂತರ ರಾಷ್ಟ್ರಸಂಘ ಬಂತು. ಆಳಿಸಿಕೊಳ್ಳುವವರ ಹಿತ ನಾಗರಿಕತೆಯ ಪವಿತ್ರ ಹೊಣೆಯೆಂದೂ, ಉಸ್ಮಾನಿಯಾ ಸಾಮ್ರಾಜ್ಯದಿಂದ ಬೇರ್ಪಟ್ಟ ಜನರ ಇಚ್ಛೆಗೆ ಪ್ರಾಧಾನ್ಯವಿರಬೇಕೆಂದೂ ಅದರ ಒಡಂಬಡಿಕೆಯ 22ನೇ ವಿಧಿ ಸಾರಿತು. 1919ರಲ್ಲಿ ಅಮೆರಿಕದ ಕಿಂಗ್-ಕ್ರೇನ್ ಆಯೋಗ ಜನರ ಇಚ್ಛೆಯನ್ನು ಕೇಳಿತು. ಯಹೂದಿ ರಾಷ್ಟ್ರದ ಯೋಜನೆಯನ್ನು ಅವರು ಬಲವಾಗಿ ವಿರೋಧಿಸಿದರು. ಕೇಳಿಸಿಕೊಂಡವರು ಯಾರು? 1922ರ ಜುಲೈ 24ರಂದು ರಾಷ್ಟ್ರಸಂಘದ ಮಂಡಳಿಯು ಫೆಲೆಸ್ತೀನನ್ನು ಬ್ರಿಟನ್ನಿನ ಆಡಳಿತಕ್ಕೊಪ್ಪಿಸುವ ಆದೇಶಪತ್ರವನ್ನು ಅನುಮೋದಿಸಿತು. ಬಾಲ್ಫೋರರ ವಾಗ್ದಾನ ಅದರ ಪೀಠಿಕೆಯಲ್ಲೇ ಸೇರಿತ್ತು. ಒಬ್ಬ ಸಚಿವನ ಪತ್ರ ಹೀಗೆ ಅಂತಾರಾಷ್ಟ್ರೀಯ ಕಾನೂನಾಯಿತು!

1945ರಲ್ಲಿ ಬ್ರಿಟನ್ ಅಲ್ಲಿ ತುರ್ತು ನಿಯಮಗಳನ್ನು ಜಾರಿಗೊಳಿಸಿತು. ವಿಚಾರಣೆಯಿಲ್ಲದ ಬಂಧನ, ಮನೆಗಳ ನೆಲಸಮ, ಸೇನಾ ನ್ಯಾಯಾಲಯ ಎಲ್ಲಕ್ಕೂ ಅದರಲ್ಲಿ ಅವಕಾಶವಿತ್ತು. ಬ್ರಿಟಿಷರು ಹೋದರೂ ನಿಯಮಗಳು ಉಳಿದವು. 1967ರ ನಂತರ ಪಶ್ಚಿಮ ದಂಡೆಯಲ್ಲಿ ಇಸ್ರೇಲ್ ಮನೆಗಳನ್ನು ಕೆಡವಿದ್ದು ಇವುಗಳ ಬಲದಿಂದಲೇ. 1919ರ ರೌಲತ್ ಕಾಯ್ದೆಯ ಕಥೆ ಬಲ್ಲ ನಮಗೆ ಈ ಪಾಠ ಹೊಸದೇ? ಬುಲ್ಡೋಜರ್‌ಗಿಂತ ಮೊದಲು ಕಾಗದ ಬರುತ್ತದೆ.

ಹಾಗಾದರೆ ಈ ಕಾನೂನನ್ನೇ ಕಸದ ಬುಟ್ಟಿಗೆ ಎಸೆಯಬೇಕೆ? ಬೇಡ. ಎಸೆದರೆ ಲಾಭ ಬಲಿಷ್ಠನಿಗೇ. 2024ರ ಜುಲೈ 19ರಂದು ಅಂತಾರಾಷ್ಟ್ರೀಯ ನ್ಯಾಯಾಲಯವು ಫೆಲೆಸ್ತೀನ್ ಪ್ರದೇಶಗಳಲ್ಲಿ ಇಸ್ರೇಲಿನ ಇರುವಿಕೆ ಕಾನೂನುಬಾಹಿರವೆಂದೂ ಆದಷ್ಟು ಬೇಗ ಕೊನೆಗೊಳ್ಳಬೇಕೆಂದೂ ಅಭಿಪ್ರಾಯವಿತ್ತಿತು. ಅದನ್ನು ಓದಿದ ಅಧ್ಯಕ್ಷ ನವಾಫ್ ಸಲಾಂ ಲೆಬನಾನಿನವರು. ಆ ದೇಶವೂ ಒಮ್ಮೆ ಇದೇ ಬಗೆಯ ಆದೇಶಪತ್ರದಡಿ ಫ್ರಾನ್ಸಿನ ಕೈಯಲ್ಲಿತ್ತು. ಆಳಿಸಿಕೊಂಡವರು ನ್ಯಾಯಪೀಠವೇರಿದಾಗ ಕಾನೂನು ಬೇರೆಯದೇ ಭಾಷೆಯಲ್ಲಿ ಮಾತನಾಡಬಲ್ಲದು.

ಆದರೆ ಆ ಮಾತಿಗೆ ಬಲ ತುಂಬಬೇಕಾದವರು ರಾಷ್ಟ್ರಗಳು. 1947ರ ನವೆಂಬರ್ 29ರಂದು ವಿಶ್ವಸಂಸ್ಥೆ 33-13 ಮತಗಳಿಂದ ಫೆಲೆಸ್ತೀನನ್ನು ವಿಭಜಿಸಹೊರಟಾಗ, ಸ್ವತಂತ್ರಗೊಂಡು ಕೆಲವೇ ತಿಂಗಳಾಗಿದ್ದ ಭಾರತ ವಿರೋಧವಾಗಿ ಮತ ಹಾಕಿತ್ತು. 2024ರ ಸೆಪ್ಟೆಂಬರ್ 18ರಂದು, ಹನ್ನೆರಡು ತಿಂಗಳೊಳಗೆ ಅತಿಕ್ರಮಣ ತೆರವಾಗಲಿ ಎಂಬ ನಿರ್ಣಯಕ್ಕೆ 124 ರಾಷ್ಟ್ರಗಳು ಕೈಯೆತ್ತಿದಾಗ ಅದೇ ಭಾರತ ತಟಸ್ಥವಾಗಿ ಉಳಿಯಿತು. ಅಂದು ಬಡ ದೇಶಕ್ಕಿದ್ದ ಧೈರ್ಯ ಇಂದು ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ನಮ್ಮ ಸಂಸದರಿಗೆ ಕೇಳುವ ಹಕ್ಕು ಪ್ರತಿಯೊಬ್ಬ ಮತದಾರನಿಗೂ ಇದೆ. ಅನ್ಯಾಯಕ್ಕೆ ಮುದ್ರೆಯೊತ್ತಿದವರಷ್ಟೇ ಅಲ್ಲ, ಮುದ್ರೆ ಬೀಳುವಾಗ ಮುಖ ತಿರುಗಿಸಿದವರೂ ಇತಿಹಾಸಕ್ಕೆ ಉತ್ತರ ಕೊಡಬೇಕಾಗುತ್ತದೆ.