ಕತ್ತಿ ಕೊಳ್ಳುವಾಗ ಹದಕ್ಕೂ ಬೆಲೆ ಕೊಡಬೇಕು

ನಮ್ಮ ಸಂಘದ ಕಛೇರಿಗೆ ಬರುವ ಬೆಳೆಗಾರ ಬಂಧುಗಳಿಂದ ಗೊಬ್ಬರದ ದರ, ಆಳುಗಳ ಅಭಾವ ಇವುಗಳ ಮಾತು ಮುಗಿದ ಮೇಲೆ ಈಚೆಗೆ ತಪ್ಪದೆ ಕೇಳಿಬರುವ ಇನ್ನೊಂದು ದೂರೆಂದರೆ, ಒಳ್ಳೆಯ ಕತ್ತಿ ಸಿಗುವುದಿಲ್ಲವೆಂಬುದು. ಪೇಟೆಯಲ್ಲಿ ಕತ್ತಿಗೇನೂ ಬರವಿಲ್ಲ. ಬಣ್ಣದ ಹಿಡಿ ಹಾಕಿ, ಎಣ್ಣೆ ಸವರಿ, ಸಾಲಾಗಿ ತೂಗುಹಾಕಿರುತ್ತಾರೆ. ತಂದ ಮೊದಲ ವಾರ ಚೆನ್ನಾಗಿಯೇ ಕಡಿಯುತ್ತದೆ. ಎರಡನೆಯ ವಾರ ಬಾಯಿ ಮಡಿಚಿಕೊಳ್ಳುತ್ತದೆ, ಇಲ್ಲವೆ ಗಂಟಿಗೆ ತಾಗಿ ಹಲ್ಲು ಹಾರುತ್ತದೆ. ಮೂರನೆಯ ವಾರ ಅದು ಕೊಟ್ಟಿಗೆಯ ಮೂಲೆ ಸೇರಿ, ಯಜಮಾನರು ಮತ್ತೆ ಪೇಟೆಯ ಬಸ್ಸು ಹತ್ತುತ್ತಾರೆ.

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ಮೆಟ್ಟುಗತ್ತಿಯಲ್ಲಿ ಹಸಿ ಅಡಿಕೆ ಸುಲಿಯುವ ಹೆಂಗಸರಿಗೆ ನಾವು ಕೂಲಿ ಕೊಡುವುದು ಡಬ್ಬದ ಲೆಕ್ಕದಲ್ಲಿ. ಕತ್ತಿ ಮೊಂಡಾದರೆ ನಷ್ಟ ತೋಟದವನದಲ್ಲ, ರಾತ್ರಿ ಹತ್ತರವರೆಗೆ ಕುಳಿತು ಒಂದು ಡಬ್ಬ ಕಡಿಮೆ ಸುಲಿದು ಮನೆಗೆ ಹೋಗುವವಳದು. ಅದೇ ರೀತಿ ಮರಗಸಿಯ ಕಾಲದಲ್ಲಿ ಸಿಲ್ವರ್ ಮರದ ತುದಿಯಲ್ಲಿ ಒಂದೇ ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕೊಂಬೆ ಸವರುವವನಿಗೆ, ಎರಡು ಏಟಿಗೆ ಬೀಳಬೇಕಾದ ಕೊಂಬೆ ಆರು ಏಟು ತೆಗೆದುಕೊಂಡರೆ ಏನಾಗಬಹುದೆಂಬುದನ್ನು ವಿವರಿಸಬೇಕಾಗಿಲ್ಲ. ಫೈಬರ್ ದೋಟಿ ಬಂದ ಮೇಲೆ ಕೊನೆಗಾರರು ಮರ ಹತ್ತುವುದು ಕಡಿಮೆಯಾಗಿದೆಯಾದರೂ ದೋಟಿಯ ತುದಿಯಲ್ಲಿರುವುದು ಕತ್ತಿಯೇ. ಸಾವಿರಾರು ರೂಪಾಯಿಯ ದೋಟಿಗೆ ತಗಡಿನಂಥ ಕತ್ತಿ ಕಟ್ಟಿಕೊಂಡು ಗೊನೆಯ ಬುಡವನ್ನು ಜಗ್ಗುತ್ತಿರುವವರನ್ನು ನಾವು ಕಂಡಿದ್ದೇವೆ.

ಮೊದಲು ಹೀಗಿರಲಿಲ್ಲವೇಕೆಂದರೆ ಊರಿಗೊಂದು ಕುಲುಮೆ ಇತ್ತು. ತಿದಿಯೊತ್ತುವ ಹುಡುಗ, ಇದ್ದಿಲು, ಅಡಿಗಲ್ಲು. ನಮ್ಮ ಕೈಯ ಅಳತೆ ನೋಡಿ, ಎಡಚರೋ ಬಲಚರೋ ಕೇಳಿ, ಕತ್ತಿ ಮಾಡಿಕೊಡುತ್ತಿದ್ದರು. ಆ ಕುಲುಮೆಗಳಲ್ಲಿ ಬಹುಪಾಲು ಆರಿಹೋಗಿವೆ. ಮಕ್ಕಳು ವೆಲ್ಡಿಂಗ್ ಅಂಗಡಿ ಇಟ್ಟರು, ಗೇಟು ಕಿಟಕಿ ಮಾಡುತ್ತಾರೆ. ಅವರನ್ನು ದೂರುವುದು ನ್ಯಾಯವಲ್ಲ. ವರ್ಷಕ್ಕೊಮ್ಮೆ ಒಂದು ಕತ್ತಿ ತಟ್ಟಿಸಿ, ಅದಕ್ಕೂ ಅರ್ಧ ಗಂಟೆ ಚೌಕಾಸಿ ಮಾಡುವ ಗಿರಾಕಿಯನ್ನು ನಂಬಿ ಯಾರು ಬೆಂಕಿ ಹಾಕಿಕೊಂಡು ಕೂರುತ್ತಾರೆ?

ಸಂಘದ ಕಿರಾಣಿ ವಿಭಾಗಕ್ಕೆ ತೊಗರಿಬೇಳೆ ಕೊಳ್ಳುವ ಕೆಲಸದ ಮೇಲೆ ಕಳೆದ ಫೆಬ್ರವರಿಯಲ್ಲಿ ಕಲಬುರಗಿ ಜಿಲ್ಲೆಗೆ ಹೋಗಿದ್ದಾಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನು ಸುತ್ತಿ ಬರುವ ಅವಕಾಶ ನಮಗೆ ಒದಗಿತು. (ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಬೇಳೆಯ ವಿಚಾರವನ್ನು ಬೇರೆಯಾಗಿಯೇ ಬರೆಯುತ್ತೇವೆ.) ಅಡಿಕೆಯಾಗಲಿ ಕಾಫಿಯಾಗಲಿ ಬೆಳೆಯುವ ಸೀಮೆ ಅದಲ್ಲ. ಮೇಲೆ ಕಪ್ಪುಮಣ್ಣು, ಕೆಳಗೆ ಸುಣ್ಣಕಲ್ಲು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಸೇಡಂ ತಾಲ್ಲೂಕಿನಲ್ಲೇ ಇದೆ. ಕಾಗಿಣಾ ನದಿಯ ದಂಡೆಯ ಕೋಟೆಯ ಆಚೆ ಈಗ ಕಾಣುವುದು ಸಿಮೆಂಟು ಕಾರ್ಖಾನೆಯ ಚಿಮಣಿ. 1874ರಲ್ಲಿ ಸಿಕಂದರಾಬಾದಿನಿಂದ ರೈಲುದಾರಿ ಬಂದು ಸೇರಿದ ವಾಡಿ ಜಂಕ್ಷನ್ನಿನ ಸುತ್ತಲೂ ಅದೇ ಧೂಳು. ನಮ್ಮ ಹಳೆಯ ಮನೆಗಳ ಜಗಲಿಗೆ ಹಾಸಿರುವ ಶಹಾಬಾದ್ ಕಲ್ಲು ಇಲ್ಲಿಂದ ಬಂದದ್ದು.

ಇಲ್ಲಿ ನಾವು ಗಮನಿಸಿದ್ದು, ಕುಲುಮೆಗಳು ಇನ್ನೂ ಉರಿಯುತ್ತಿರುವುದನ್ನು. ಕಾರಣ ಹುಡುಕಿದರೆ ಸಿಗುತ್ತದೆ. ತೊಗರಿ, ಜೋಳ ಕೊಯ್ಯಲು ಕುಡುಗೋಲು ಬೇಕು, ಕುಂಟೆಗೆ ತಾಳು ಬೇಕು. ಅದಕ್ಕಿಂತ ಮುಖ್ಯವಾಗಿ, ಕಲ್ಲಿನ ಗಣಿ. ಯಂತ್ರದ ಗರಗಸಗಳು ಬಂದಿವೆಯಾದರೂ ಪದರ ಎಬ್ಬಿಸುವ ಹಾರೆ, ಅಂಚು ಒಡೆಯುವ ಉಳಿಗಳ ಕೆಲಸ ನಿಂತಿಲ್ಲ. ಕಲ್ಲಿಗೆ ಬಡಿಯುವ ಉಳಿಯ ಮೊನೆ ಬೇಗ ಸಾಯುತ್ತದೆ. ಅದನ್ನು ಮತ್ತೆ ಕಾಯಿಸಿ, ತಟ್ಟಿ, ಹದ ಕೊಡಬೇಕು. ಹದ ಹೆಚ್ಚಾದರೆ ಮೊನೆ ಸಿಡಿದು ಕಣ್ಣಿಗೆ ಬೀಳುತ್ತದೆ, ಕಡಿಮೆಯಾದರೆ ಮಧ್ಯಾಹ್ನದೊಳಗೆ ಚಪ್ಪಟೆ. ಗಿರಾಕಿ ಸಂಜೆಯೇ ಬಂದು ಬಯ್ಯುತ್ತಾನೆ. ಹೀಗೆ ದಿನವೂ ಪರೀಕ್ಷೆಗೆ ಒಳಗಾಗುವ ಕಂಬಾರನಿಗೆ ಹದದ ಜ್ಞಾನ ಮರೆತುಹೋಗುವುದಿಲ್ಲ. ವರ್ಷಕ್ಕೆ ಹತ್ತು ಕತ್ತಿ ಮಾಡುವ ನಮ್ಮ ಕಡೆಯವನಿಗೆ ಆ ಅನುಕೂಲವಿಲ್ಲ.

ಊರೊಳಗಿನ ಕಂಬಾರರಲ್ಲದೆ, ಬೈಲುಕಮ್ಮಾರರೆಂದೂ ಘಿಸಾಡಿಗಳೆಂದೂ ಕರೆಯುವ ಅಲೆಮಾರಿ ಕಮ್ಮಾರರೂ ಆ ಕಡೆ ರಸ್ತೆಯ ಬದಿಯಲ್ಲಿ ಬಿಡಾರ ಹೂಡುತ್ತಾರೆ. ಗಂಡ ಇಕ್ಕಳದಲ್ಲಿ ಹಿಡಿದರೆ ಹೆಂಡತಿ ದೊಡ್ಡ ಸುತ್ತಿಗೆ ಎತ್ತಿ ಬಡಿಯುತ್ತಾಳೆ. ಅವರ ಕೆಲಸ ಅಗ್ಗ, ಕೈ ಚುರುಕು. ಆದರೆ ನಾಳೆ ಎಲ್ಲಿರುತ್ತಾರೆಂದು ಹೇಳುವಂತಿಲ್ಲವಾದ್ದರಿಂದ ಕುಡುಗೋಲಿಗೆ ಸರಿ, ನಮ್ಮ ಅಳತೆಯ ಕತ್ತಿಗೆ ನೆಲೆನಿಂತ ಕುಲುಮೆಯೇ ಮೇಲೆಂಬುದು ನಮ್ಮ ಅಭಿಪ್ರಾಯ.

ಸೇಡಂ ರಸ್ತೆಯ ಒಂದು ಕುಲುಮೆಯಲ್ಲಿ ನಾವು ಮೆಟ್ಟುಗತ್ತಿಯ ರಟ್ಟಿನ ಮಾದರಿ ತೋರಿಸಿ ಬೆಲೆ ಕೇಳಿದೆವು. ಅಡಿಕೆ ಸುಲಿಯುವುದನ್ನು ಆತ ಕಂಡವನಲ್ಲ. ಮಾದರಿಯನ್ನು ತಿರುಗಿಸಿ ನೋಡಿ, “ಲಾರಿ ಪಾಟಾ ನೀವ ತಂದ್ ಕೊಡ್ರಿ ಸಾಹೇಬ್ರ, ನಾ ಕೂಲಿ ಅಷ್ಟ ತಗೋತೀನಿ. ಕಬ್ಬಣಾನೂ ನಂದ ಅಂದ್ರ ಯಾವ್ದ ಹಾಕೀನಿ ಅಂತ ನಿಮಗ ಹ್ಯಾಂಗ ಗೊತ್ತಾಗ್ತದ?” ಎಂದ. ವ್ಯಾಪಾರದಲ್ಲಿ ಇಷ್ಟು ನೇರವಾದ ಮಾತನ್ನು ನಾವು ಬಹಳ ದಿನಗಳಿಂದ ಕೇಳಿರಲಿಲ್ಲ.

ಪಾಟಾ ಎಂದರೆ ಲಾರಿಯ ಸ್ಪ್ರಿಂಗ್ ಪ್ಲೇಟು. ಸಿಮೆಂಟು, ಕಲ್ಲು ಹೊರುವ ಲಾರಿಗಳು ಸಾಲುಗಟ್ಟಿ ಓಡುವ ಆ ಊರುಗಳ ಗುಜರಿಯಲ್ಲಿ ಮುರಿದ ಪ್ಲೇಟಿಗೆ ಕೊರತೆಯಿಲ್ಲ. ಇದು ಕತ್ತಿಗೆ ಏಕೆ ಒಳ್ಳೆಯದೆಂಬುದನ್ನು ಸ್ವಲ್ಪ ವಿವರಿಸುತ್ತೇವೆ. ಉಕ್ಕು ಗಡುಸಾಗಬೇಕಾದರೆ ಅದರಲ್ಲಿ ಸಾಕಷ್ಟು ಇಂಗಾಲವಿರಬೇಕು. ಕಿಟಕಿ ಸರಳು, ಪಟ್ಟಿ, ತಗಡುಗಳ ಸಾಮಾನ್ಯ ಕಬ್ಬಿಣದಲ್ಲಿ ಅದು ಶೇ. 0.25ಕ್ಕೂ ಕಡಿಮೆ. ಎಷ್ಟು ಕೆಂಪಗೆ ಕಾಯಿಸಿ ಅದ್ದಿದರೂ ಅದಕ್ಕೆ ಕತ್ತಿಗೆ ತಕ್ಕ ಗಡಸು ಬರುವುದಿಲ್ಲ. ಸ್ಪ್ರಿಂಗ್ ಪ್ಲೇಟಿನಲ್ಲಿ ಶೇ. 0.5ರಿಂದ 0.6ರಷ್ಟು ಇಂಗಾಲವಿದ್ದು, ಜೊತೆಗೆ ಜಾತಿಗೆ ತಕ್ಕಂತೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಇರುತ್ತದೆ. ಗಡುಸೂ ಬರುತ್ತದೆ, ಮುರಿಯದೆ ಬಾಗುವ ಗುಣವೂ ಉಳಿಯುತ್ತದೆ. ಗಿರಣಿಯಲ್ಲಿ ಉಜ್ಜಿದರೆ ಬರುವ ಕಿಡಿ ನೋಡಿ ಗುರುತಿಸಬಹುದು: ಸಾಮಾನ್ಯ ಕಬ್ಬಿಣದ ಕಿಡಿ ಉದ್ದನೆಯ ಗೆರೆಯಾಗಿ ಹೋಗುತ್ತದೆ, ಇಂಗಾಲವಿರುವ ಉಕ್ಕಿನದು ತುದಿಯಲ್ಲಿ ಕವಲೊಡೆದು ಹೂವಿನಂತೆ ಸಿಡಿಯುತ್ತದೆ. ಗುಜರಿಯ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರುವುದುಂಟು. ಆದ್ದರಿಂದ ಮುರಿದ ಜಾಗದ ಪಕ್ಕದ ತುಂಡನ್ನು ಬಿಡಬೇಕು. ವಾಡಿಯಂಥ ರೈಲು ಊರಿನಲ್ಲಿ ಯಾರಾದರೂ ಹಳಿಯ ತುಂಡು, ಕ್ಲಿಪ್ಪು ತೋರಿಸಿದರೆ ಕೈ ಚಾಚಬಾರದು. 1966ರ ರೈಲ್ವೆ ಸ್ವತ್ತಿನ ಕಾನೂನಿನಲ್ಲಿ ಅದನ್ನು ಅಕ್ರಮವಾಗಿ ಇಟ್ಟುಕೊಳ್ಳುವುದೇ ಅಪರಾಧ. ಪ್ಲೇಟನ್ನು ರಸೀದಿ ಪಡೆದೇ ಕೊಳ್ಳತಕ್ಕದ್ದು.

ಉಕ್ಕು ಒಳ್ಳೆಯದಾದ ಮಾತ್ರಕ್ಕೆ ಕತ್ತಿ ಒಳ್ಳೆಯದಾಗುವುದಿಲ್ಲ. ನಮ್ಮ ಮುಖ್ಯ ಮಾತು ಇಲ್ಲಿದೆ. ತಟ್ಟಿ ಆಕಾರ ಕೊಟ್ಟ ಅಲಗನ್ನು ಸೂಜಿಗಲ್ಲಿಗೆ ಅಂಟದಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ನೀರಿನಲ್ಲಿ ಅದ್ದಿದರೆ ಸ್ಪ್ರಿಂಗ್ ಪ್ಲೇಟು ಸೀಳುವ ಭಯವಿದೆ. ಆಗ ಅಲಗು ಗಾಜಿನಂತೆ ಗಡುಸು, ಗಾಜಿನಂತೆಯೇ ಹಗುರ ಬುದ್ಧಿ. ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಎರಡನೆಯ ಬಾರಿ ಮೆಲ್ಲನೆ ಕಾಯಿಸಬೇಕು. ಹುಲ್ಲಿನ ಬಣ್ಣ ಬಂದಾಗ ಸುಮಾರು 230 ಡಿಗ್ರಿ ಸೆಂಟಿಗ್ರೇಡ್, ಕಂದು ಬಂದಾಗ 250–260, ನೀಲಿ ಬಂದಾಗ 300ರ ಆಸುಪಾಸು. ಸುಲಿಯುವ ಕತ್ತಿಗೆ ಹುಲ್ಲಿನ ಬಣ್ಣದಲ್ಲೇ ನಿಲ್ಲಿಸಬಹುದು. ಮರಗಸಿಯ ಕತ್ತಿಗೆ ಬಾಯಿಯಲ್ಲಿ ಕಂದು, ಬೆನ್ನಿನಲ್ಲಿ ನೀಲಿ ಬಂದರೆ ಗಂಟಿಗೆ ಬಿದ್ದರೂ ಹಲ್ಲು ಹಾರುವುದಿಲ್ಲ. ಈ ಎರಡನೆಯ ಕಾಯಿಸುವಿಕೆಗೆ ಸಮಯ ಬೇಕು, ತಾಳ್ಮೆ ಬೇಕು, ಆದರೆ ಮುಗಿದ ಕತ್ತಿಯನ್ನು ನೋಡಿದವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಚೌಕಾಸಿ ಮಾಡಿ ನೂರು ರೂಪಾಯಿ ಇಳಿಸಿದೆವೆಂದು ನಾವು ಹಿಗ್ಗುತ್ತೇವೆ. ಕಂಬಾರ ಎಲ್ಲಿಂದ ಇಳಿಸಿದ? ಉಕ್ಕಿನ ತೂಕ ನಮಗೆ ಕಾಣುತ್ತದೆ, ಹಿಡಿ ಕಾಣುತ್ತದೆ, ಹೊಳಪು ಕಾಣುತ್ತದೆ. ಕಾಣದೆ ಇರುವುದು ಹದ ಒಂದೇ. ಅದನ್ನೇ ಆತ ಬಿಡುತ್ತಾನೆ.

ಬೆಲೆಯ ವಿಚಾರಕ್ಕೆ ಒಂದು ಲೆಕ್ಕ. ದರ ಊರಿಂದೂರಿಗೆ ಬೇರೆಯಾದ್ದರಿಂದ ಇದನ್ನು ಉದಾಹರಣೆ ಎಂದಷ್ಟೇ ಓದಬೇಕು. 200 ರೂಪಾಯಿಯ ಕತ್ತಿ ಒಂದು ಕೊಯ್ಲಿಗೆ ಮುಗಿದರೆ ಐದು ವರ್ಷಕ್ಕೆ 1,000 ರೂಪಾಯಿ. 600 ರೂಪಾಯಿಯ ಕತ್ತಿ ಐದು ಕೊಯ್ಲು ಬಂದರೆ 400 ಉಳಿಯಿತು. ಮಸೆಯಲು ಹೋದ ಹೊತ್ತು, ಕಡಿಮೆ ಸುಲಿದ ಡಬ್ಬ, ಪೇಟೆಯ ಬಸ್ಸು ಚಾರ್ಜು ಇದರಲ್ಲಿ ಸೇರಿಲ್ಲ.

ಇನ್ನೊಂದು ತುದಿಯ ಮೋಸವೂ ಇದೆ. ಕೈಕೆಲಸದ ಚಾಕು ಎಂದು ಹೆಸರಿಟ್ಟು, ಅಲಗಿನ ಮೇಲೆ ಅಲೆಅಲೆಯಾದ ಡಮಾಸ್ಕಸ್ ಗೆರೆ ತೋರಿಸಿ, ಸಾವಿರಾರು ರೂಪಾಯಿಗೆ ಮಾರುವವರು ಈಗ ಹೆಚ್ಚಾಗಿದ್ದಾರೆ. ಇಂದಿನ ಆ ಗೆರೆ ಬಹುಮಟ್ಟಿಗೆ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದದ್ದು. ಕೆಲವು ಕಡೆ ಬರಿಯ ಆಸಿಡ್ಡಿನ ಚಿತ್ತಾರ. ಹಿಂದೆ ಹೆಸರುವಾಸಿಯಾಗಿದ್ದ ಉಕ್ಕೇ ಬೇರೆ. ಅದು ಮೂಸೆಯಲ್ಲಿ ಕರಗಿಸಿ ಮಾಡಿದ್ದು, ಸೇಡಂನಿಂದ ಗಡಿ ದಾಟಿ ಈಗಿನ ತೆಲಂಗಾಣದ ಕೋನಸಮುದ್ರಂನಲ್ಲೂ, ನಮ್ಮ ಮೈಸೂರು ಸೀಮೆಯಲ್ಲೂ ತಯಾರಾಗಿ ಪರದೇಶಕ್ಕೆ ಹೋಗುತ್ತಿದ್ದುದು. 1800–01ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಬುಕಾನನ್ ಇಲ್ಲಿಯ ಉಕ್ಕು ತಯಾರಿಕೆಯನ್ನು ಬರೆದಿಟ್ಟಿದ್ದಾನೆ. ಇಂಗ್ಲಿಷಿನವರ ‘ವೂಟ್ಸ್’ ನಮ್ಮ ‘ಉಕ್ಕು’ ಶಬ್ದದಿಂದ ಬಂದಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅಡಿಕೆ ಸುಲಿಯಲು ಗೆರೆಯ ಅಗತ್ಯವಂತೂ ಇಲ್ಲ.

ಹಾಗೆಂದು ನಮ್ಮ ಸದಸ್ಯರೆಲ್ಲ ಒಂದೊಂದು ಕತ್ತಿಗಾಗಿ ವಾಡಿಯ ರೈಲು ಹತ್ತಬೇಕೆಂದು ನಾವು ಹೇಳುತ್ತಿಲ್ಲ. ನಿಮ್ಮ ಊರಿನಲ್ಲಿ ಕುಲುಮೆ ಇನ್ನೂ ಇದ್ದರೆ ಮೊದಲು ಅಲ್ಲಿಗೇ ಹೋಗಿ. ಒಬ್ಬರೇ ಹೋಗದೆ ನೆರೆಯ ಹತ್ತು ಮನೆಯವರು ಕೂಡಿ ಹೋಗಿ, ಪ್ಲೇಟು ನೀವೇ ಕೊಡಿ, ಅರ್ಧ ಮುಂಗಡ ಕೊಡಿ, ಕೊಯ್ಲಿನ ಹಿಂದಿನ ದಿನ ಅವಸರ ಮಾಡಬೇಡಿ. ಹತ್ತು ಅಲಗಿಗೆ ಒಂದೇ ಬೆಂಕಿ ಸಾಕಾಗುವುದರಿಂದ ಇದ್ದಿಲೂ ಕೂಲಿಯೂ ಉಳಿಯುತ್ತದೆ. ಕೈಕೆಲಸದ ವಸ್ತು ಅಗ್ಗವಾಗುವ ನ್ಯಾಯವಾದ ದಾರಿ ಇದು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿಯ ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅನಂತರ 2 ಲಕ್ಷದವರೆಗೆ ಸಾಲ ಅದರಲ್ಲಿದೆ. ನಿಮ್ಮ ಊರಿನ ಕಮ್ಮಾರರಿಗೆ ಇದನ್ನು ತಿಳಿಸಿ, ಅರ್ಜಿ ತುಂಬಲು ನೆರವಾಗುವುದು ಓದುಬರಹ ಬಲ್ಲ ಬೆಳೆಗಾರರಿಗೆ ದೊಡ್ಡ ಕೆಲಸವೇನಲ್ಲ.

ಕುಲುಮೆ ಇಲ್ಲದ ಊರಿನವರಿಗಾಗಿ ಸಂಘದ ಮೂಲಕ ಒಟ್ಟಾಗಿ ತರಿಸುವ ಸಲಹೆಯನ್ನು ಮುಂದಿನ ಆಡಳಿತ ಮಂಡಲಿ ಸಭೆಯಲ್ಲಿ ಇಡುತ್ತಿದ್ದೇವೆ. ಮುಂಗಾರಿನ ಬಿತ್ತನೆ, ಎಡೆಕುಂಟೆಯ ಕೆಲಸ ತಗ್ಗಿದ ಮೇಲೆ ಆಗಸ್ಟಿನಲ್ಲಿ ಆ ಕಡೆಯ ಕಂಬಾರರಿಗೆ ಬಿಡುವಿರುತ್ತದೆ. ನಮ್ಮ ಕೊಯ್ಲಿಗೆ ಮುನ್ನ ಮಾಲು ಕೈಸೇರುತ್ತದೆ. ಕೇವಲ ಅಲಗು ತರಿಸುವುದು, ಹಿಡಿಯನ್ನೂ ಮೆಟ್ಟುಗತ್ತಿಯ ಮಣೆಯನ್ನೂ ಇಲ್ಲಿಯ ಬಡಗಿಗಳಿಂದ ಹಾಕಿಸುವುದು ಉತ್ತಮ. ಬಂದ ಅಲಗುಗಳಲ್ಲಿ ಕೆಲವನ್ನಾದರೂ ಅರದಿಂದ ಉಜ್ಜಿ ನೋಡಬೇಕು. ಅರ ಜಾರಿದರೆ ಗಡುಸು ಬಂದಿದೆ, ಕಚ್ಚಿ ಪುಡಿ ತೆಗೆದರೆ ಬಂದಿಲ್ಲ. ಆಮೇಲೆ ಒಣಗಿದ ಅಡಿಕೆ ದಬ್ಬೆಗೆ ಹತ್ತಿಪ್ಪತ್ತು ಏಟು ಹಾಕಿ ಬಾಯಿಯನ್ನು ಉಗುರಿನಿಂದ ಸವರಿ ಪರೀಕ್ಷಿಸಬೇಕು. ಕೇವಲ ಕೃಷಿಗೆಂದೇ ಮಾಡಿದ ಹತ್ಯಾರು 1959ರ ಆಯುಧ ಕಾನೂನಿನ ‘ಆಯುಧ’ದ ಅರ್ಥದಲ್ಲಿ ಬರುವುದಿಲ್ಲವಾದರೂ, ಸಾಗಿಸುವಾಗ ಸಂಘದ ಬಿಲ್ಲು ಜೊತೆಯಲ್ಲಿರುವುದು ಕ್ಷೇಮ.

ಬೇಕಾದವರು ತಮ್ಮ ಕೈಗೆ ಒಗ್ಗಿದ ಹಳೆಯ ಕತ್ತಿಯ ಅಳತೆಯನ್ನು ರಟ್ಟಿನಲ್ಲಿ ಕತ್ತರಿಸಿ, ಹಿಂದೆ ಹೆಸರು ಬರೆದು, ಎಡಗೈಯವರಾದರೆ ಅದನ್ನೂ ನಮೂದಿಸಿ, ಜುಲೈ ಕೊನೆಯೊಳಗೆ ಕಛೇರಿಗೆ ತಲುಪಿಸತಕ್ಕದ್ದು. ಮೆಟ್ಟುಗತ್ತಿಯ ಮಾದರಿಯನ್ನು ಯಜಮಾನರು ಕತ್ತರಿಸದೆ, ಸುಲಿಯುವವರಿಂದಲೇ ಕತ್ತರಿಸಿ ತರಬೇಕಾಗಿ ಕೋರುತ್ತೇವೆ.