ಕೂಲರಿನ ಜೊತೆ ಹಕಾರವನ್ನೂ ಅಳಿಸುವವರು

ಮೇ ತಿಂಗಳ ನಾಗಪುರದಲ್ಲಿ ಕೂಲರ್ ಇಲ್ಲದ ಮನೆಯಲ್ಲಿ ಕೂತು ಮಾತಾಡುವುದು ಕಷ್ಟ. ಹೊರಗೆ ಬಿಸಿಲು 45 ಡಿಗ್ರಿ ಮುಟ್ಟಿರುತ್ತದೆ. ಕಿಟಕಿಗೆ ಆನಿಸಿದ ತಗಡಿನ ಪೆಟ್ಟಿಗೆಯೊಳಗೆ ಫ್ಯಾನು ಭೋರ್ಗರೆಯುತ್ತ, ಒದ್ದೆ ಹುಲ್ಲಿನ ಪರದೆಯಿಂದ ಗಾಳಿ ಎಳೆಯುತ್ತಿರುತ್ತದೆ. ಅಂಥ ಕೋಣೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಕೂರಿಸಿ, ಟೀಪಾಯಿಯ ಮೇಲೆ ಫೋನು ಇಟ್ಟು, ಅರ್ಧ ಗಂಟೆ ಮಾತಾಡಿಸಿ, ಮನೆಗೆ ಬಂದು ‘ನಾಯ್ಸ್ ರಿಡಕ್ಷನ್’ ಗುಂಡಿ ಒತ್ತಿದರೆ ಏನಾಗುತ್ತದೆ? ಕೂಲರ್ ಮಾಯವಾಗುತ್ತದೆ. ಕೇಳಿದವರು ಸ್ಟುಡಿಯೋದಲ್ಲಿ ಮಾಡಿದ ಹಾಗಿದೆ ಎನ್ನುತ್ತಾರೆ. ಕೂಲರಿನ ಜೊತೆ ಇನ್ನೇನು ಹೋಯಿತು ಎಂದು ಯಾರೂ ಕೇಳುವುದಿಲ್ಲ. ತಕರಾರು ಇರುವುದು ಇಲ್ಲೇ.

ನಾಗಪುರದ ಅಜ್ಜಿಯ ಮಾತಿಗೂ ಕನ್ನಡದ ಓದುಗರಿಗೂ ಏನು ಸಂಬಂಧ ಎಂಬ ಪ್ರಶ್ನೆಗೆ ಉತ್ತರ 1906ರಷ್ಟು ಹಳೆಯದು. ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸರ್ವೇಕ್ಷಣೆಯ ನಾಲ್ಕನೆಯ ಸಂಪುಟ, ಮುಂಡಾ ಮತ್ತು ದ್ರಾವಿಡ ಭಾಷೆಗಳದ್ದು, ಸ್ಟೆನ್ ಕೊನೋವ್ ಸಂಪಾದಿಸಿದ್ದು, ಆ ವರ್ಷ ಹೊರಬಂತು. ಅದರಲ್ಲಿ ಕನ್ನಡದ ಉಪಭಾಷೆಗಳ ಸಾಲಿನಲ್ಲಿ ಬಡಗ, ಕುರುಂಬಗಳ ಜೊತೆ ಗೋಲರಿ ಎಂಬ ಹೆಸರಿದೆ. ಹೊಲಿಯಾ ಎಂದೂ ಕರೆಯುತ್ತಾರೆ. ಜಾಗಗಳು ಸಿವನಿ, ಬಾಲಾಘಾಟ್, ಭಂಡಾರ, ನಾಗಪುರ. ಕರ್ನಾಟಕದ ಗಡಿಯಿಂದ ನೂರಾರು ಕಿಲೋಮೀಟರ್ ದೂರ, ಮರಾಠಿ, ಹಿಂದಿ, ಗೊಂಡಿಗಳ ನಡುವೆ, ದನಗಾಹಿ ಕುಟುಂಬಗಳ ಬಾಯಲ್ಲಿ ಉಳಿದುಕೊಂಡ ಕನ್ನಡ.

ಈ ನುಡಿಯ ಬಗ್ಗೆ ಭಾಷಾವಿಜ್ಞಾನಿ ಮೊದಲು ಕೇಳುವ ಪ್ರಶ್ನೆ ಸಣ್ಣದು: ಹಾಲಿಗೆ ಏನೆನ್ನುತ್ತಾರೆ? ಹಳಗನ್ನಡದ ‘ಪಾಲ್’ ನಡುಗನ್ನಡದ ಹೊತ್ತಿಗೆ ‘ಹಾಲು’ ಆಯಿತು. ಇವತ್ತಿನ ಎಷ್ಟೋ ಆಡುಮಾತಿನಲ್ಲಿ ಆ ಹಕಾರವೂ ಬಿದ್ದು ‘ಆಲು’ ಆಗಿದೆ. ದೂರ ಹೋದ ಗುಂಪೊಂದು ಯಾವ ರೂಪ ಹೊತ್ತುಕೊಂಡು ಹೋಯಿತು, ಹೋದ ಮೇಲೆ ಅದನ್ನು ಏನು ಮಾಡಿಕೊಂಡಿತು ಎಂಬುದಕ್ಕೆ ಪದದ ಮೊದಲ ಆ ಒಂದು ವರ್ಣವೇ ಸಾಕ್ಷಿ. ಪದಾದಿಯ ಹಕಾರ ಹೆಚ್ಚುಕಡಿಮೆ ಬರಿಯ ಉಸಿರು. ಅದಕ್ಕೆ ಸ್ವರದ ಹಾಗೆ ಗಟ್ಟಿ ನಾದವಿಲ್ಲ. ಹಲವು ಆವರ್ತಾಂಕಗಳಲ್ಲಿ ತೆಳ್ಳಗೆ ಹರಡಿಕೊಂಡ ಸದ್ದು ಅದು. ಕೂಲರಿನ ಸದ್ದೂ ಹಾಗೆಯೇ.

ಗದ್ದಲ ತೆಗೆಯುವ ಸಾಮಾನ್ಯ ತಂತ್ರಾಂಶ ಕೆಲಸ ಮಾಡುವ ರೀತಿ ನೋಡಿ. ಮಾತಿಲ್ಲದ ಎರಡು ಸೆಕೆಂಡಿನ ತುಣುಕನ್ನು ಅದಕ್ಕೆ ತೋರಿಸಬೇಕು. ಪ್ರತಿ ಆವರ್ತಾಂಕದಲ್ಲೂ ಆ ಗದ್ದಲ ಎಷ್ಟಿದೆ ಎಂದು ಅಳೆದು, ಇಡೀ ಧ್ವನಿಯಲ್ಲಿ ಅಷ್ಟಕ್ಕಿಂತ ಕೆಳಗಿರುವುದನ್ನು ಅದು ಅದುಮುತ್ತದೆ. ಸ್ವರಗಳು ಜೋರಾಗಿರುವುದರಿಂದ ಉಳಿಯುತ್ತವೆ. ಕೂಲರಿನ ಮಟ್ಟಕ್ಕಿಂತ ಮೆಲ್ಲಗಿದ್ದ ಉಸಿರು ಕೂಲರಿನ ಜೊತೆಯೇ ಹೋಗುತ್ತದೆ. ಎಐ ಎಂಬ ಹೆಸರಿನಲ್ಲಿ ಬರುವ ಹೊಸ ಸಾಧನಗಳು ಇನ್ನೂ ಅಪಾಯಕಾರಿ: ತಾವು ಕಲಿತ ಭಾಷೆಗಳ ಮಾತು ಹೇಗಿರುತ್ತದೋ ಆ ಕಡೆಗೆ ಧ್ವನಿಯನ್ನು ತಿದ್ದುತ್ತವೆ. ಆ ಕಲಿಕೆಯಲ್ಲಿ ಬಾಲಾಘಾಟಿನ ಗೋಲರಿ ಇದ್ದೀತೆ? ಹತ್ತು ವರ್ಷದ ಮೇಲೆ ಸಂಶೋಧಕರೊಬ್ಬರು ಆ ಕಡತ ಕೇಳಿ, ‘ಈ ನುಡಿಯಲ್ಲಿ ಹಕಾರ ಬಿದ್ದುಹೋಗಿದೆ’ ಎಂದು ಪ್ರಬಂಧ ಬರೆಯಬಹುದು. ಹೊಲಿಯಾ ಎಂಬ ಹೆಸರೇ ಒಲಿಯಾ ಆಗಬಹುದು.

ಇದಕ್ಕೆ ಮಾರುಕಟ್ಟೆಯ ಮದ್ದು ಬೇರೆ. ಸೀತಾಬರ್ಡಿಯಲ್ಲಾಗಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ‘ಒಳ್ಳೆಯ ಸೌಂಡ್ ಬೇಕು’ ಎಂದವನಿಗೆ ಡ್ಯಾಕ್ ತೋರಿಸುತ್ತಾರೆ, 24 ಬಿಟ್, 192 ಕಿಲೋಹರ್ಟ್ಸ್. ಡ್ಯಾಕ್ ಅಂಕಿಗಳನ್ನು ಸದ್ದಾಗಿಸುವ ಯಂತ್ರ. ಸದ್ದನ್ನು ಅಂಕಿಯಾಗಿಸುವುದು ಎಡಿಸಿ. ದಾಖಲೆ ಹುಟ್ಟುವುದು ಅಲ್ಲಿ, ಕೆಡುವುದೂ ಮೊದಲು ಅಲ್ಲೇ. ಕೇಳುವ ತುದಿಗೆ ದುಡ್ಡು ಸುರಿದು ಹಿಡಿಯುವ ತುದಿಯನ್ನು ಫೋನಿಗೆ ಬಿಡುವುದು, ಬಾವಿ ತೋಡದೆ ಬೆಳ್ಳಿ ಕೊಡ ಕೊಂಡ ಹಾಗೆ. ಮನುಷ್ಯನ ಕಿವಿ ಸುಮಾರು 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ. ಅದನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ಸಲ ಮಾದರಿ ತೆಗೆದರೆ ಸಾಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ 44.1ರಲ್ಲಿ ನಿಂತದ್ದು ಈ ಲೆಕ್ಕದಿಂದಲೇ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್ಎ ಹೇಳುವ ಕನಿಷ್ಠ ಮಟ್ಟ 48 ಕಿಲೋಹರ್ಟ್ಸ್, 24 ಬಿಟ್. ಸಾಧಾರಣ ಯುಎಸ್‌ಬಿ ಇಂಟರ್‌ಫೇಸ್ ಕೂಡ ಇವತ್ತು ಇಷ್ಟು ಕೊಡುತ್ತದೆ.

ಬಿಟ್ಟಿನ ಹುಚ್ಚಿಗೂ ಒಂದು ಲೆಕ್ಕವಿದೆ. ಒಂದು ಬಿಟ್ ಸುಮಾರು 6 ಡೆಸಿಬೆಲ್ ಅಂತರ ಕೊಡುತ್ತದೆ. ಮೈಕನ್ನು ಬಾಯಿಗೆ ಅರ್ಧ ದೂರಕ್ಕೆ ತಂದರೂ, ಪ್ರತಿಧ್ವನಿ ಹೆಚ್ಚಿಲ್ಲದ ಕಡೆ, ಮಾತು ಅಷ್ಟೇ ಮೇಲೇಳುತ್ತದೆ. 80 ಸೆಂಟಿಮೀಟರ್ ದೂರದ ಟೀಪಾಯಿಯಿಂದ ಗೇಣು ದೂರಕ್ಕೆ, ಅಂದರೆ 20 ಸೆಂಟಿಮೀಟರಿಗೆ ತಂದರೆ 12 ಡೆಸಿಬೆಲ್. ಕೂಲರ್ ಇದ್ದಲ್ಲೇ ಇರುತ್ತದೆ, ಅಜ್ಜಿಯ ಹಕಾರ ಅದರ ಮೇಲೆ ಬರುತ್ತದೆ. ದುಬಾರಿ ಕನ್ವರ್ಟರಿನಿಂದ ಇದು ಆಗದು, ಏಕೆಂದರೆ ಕೋಣೆಯ ಗದ್ದಲ ಅದರ ಸ್ವಂತ ಗದ್ದಲಕ್ಕಿಂತ ಎಷ್ಟೋ ಜೋರು.

ಇನ್ನು ಕಡತ ಬದಲಿಸುವ ಚಟ. ವಾಟ್ಸಾಪ್ ಧ್ವನಿಸಂದೇಶ ಓಪಸ್ ಎಂಬ ಸಂಕೋಚನದಲ್ಲಿ ಹೋಗುತ್ತದೆ. ಫೋನು ಎಂಪಿ3ಯಲ್ಲೋ ಎಎಸಿಯಲ್ಲೋ ಉಳಿಸಿಕೊಳ್ಳುತ್ತದೆ. ಕಿವಿಗೆ ಕೊರತೆ ಗೊತ್ತಾಗದ ಹಾಗೆ ಭಾಗಗಳನ್ನು ಬಿಸಾಡುವುದೇ ಇವುಗಳ ಜಾಣತನ, ಕಿವಿಯ ಮಟ್ಟಿಗೆ ಅದು ನಿಜವಾದ ಜಾಣತನವೇ. ಆಮೇಲೆ ಯಾರಿಗೋ ಪಾಪಪ್ರಜ್ಞೆ ಕಾಡಿ, ಆನ್‌ಲೈನ್ ಕನ್ವರ್ಟರಿಗೆ ಹಾಕಿ ವೇವ್ ಮಾಡುತ್ತಾರೆ. ಕಡತ ಊದಿಕೊಳ್ಳುತ್ತದೆ ಅಷ್ಟೇ. ಬೀಸಿದ ಹಿಟ್ಟು ಮತ್ತೆ ಜೋಳವಾಗುವುದಿಲ್ಲ. ಕೆಟ್ಟದ್ದೆಂದರೆ, ಈಗ ಅದರ ಹೆಸರಿನ ಕೊನೆಯಲ್ಲಿ ವೇವ್ ಎಂದಿರುವುದರಿಂದ ಮುಂದಿನವರು ಅದನ್ನೇ ಮೂಲವೆಂದು ನಂಬುತ್ತಾರೆ. ಜಾಗ ಸಾಲದು ಎಂಬ ನೆಪವೂ ನಿಲ್ಲುವುದಿಲ್ಲ: 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಗಂಟೆಯ ಮೋನೋ ಧ್ವನಿಗೆ ಬೇಕಾದದ್ದು 518 ಎಂಬಿ. ಒಂದು ಟೆರಾಬೈಟ್ ಡಿಸ್ಕಿನಲ್ಲಿ ಸುಮಾರು 1900 ಗಂಟೆ ಹಿಡಿಸುತ್ತದೆ.

‘ಏನೂ ಇಲ್ಲದ್ದಕ್ಕಿಂತ ವಾಟ್ಸಾಪಿನಲ್ಲಾದರೂ ಇದೆಯಲ್ಲ’ ಎಂಬ ಮಾತಿನಲ್ಲಿ ತೂಕವಿದೆ. ಅಜ್ಜಿಯ ಮೊಮ್ಮಗ ಕಳಿಸಿದ ಧ್ವನಿಸಂದೇಶವನ್ನು ತಿರಸ್ಕರಿಸುವವರು ಮೂರ್ಖರು. ಆದರೆ ಆ ಮಾತು ಮೊಮ್ಮಗನಿಗೆ ಸಲ್ಲುತ್ತದೆ, ಅನುದಾನ ಪಡೆದು ಊರಿಗೆ ಹೋಗುವವರಿಗೆ ಸಲ್ಲುವುದಿಲ್ಲ. ಗ್ರಿಯರ್ಸನ್ ಕಾಲದಲ್ಲೇ ಸರ್ವೆಗಾಗಿ ಗ್ರಾಮಫೋನ್ ತಟ್ಟೆಗಳೂ ತಯಾರಾದವು. 1925ಕ್ಕಿಂತ ಮುಂಚೆ ಅದೆಲ್ಲ ಕೊಂಬಿನೊಳಗೆ ಮಾತಾಡಿ ಮುದ್ರಿಸುವ ವಿಧಾನ; ಉಸಿರಿನ ಮೇಲಿನ ಆವರ್ತಾಂಕಗಳು ಹಿಡಿತಕ್ಕೆ ಸಿಗುತ್ತಲೇ ಇರಲಿಲ್ಲ. ಅವರಿಗೆ ಬೇರೆ ದಾರಿಯಿರಲಿಲ್ಲ. ಇವತ್ತು ಜೇಬಿನ ಫೋನಿನಲ್ಲೇ ವೇವ್ ದಾಖಲಿಸುವ ಆ್ಯಪ್ ಹಾಕಿಕೊಳ್ಳಬಹುದು, ತಾನೇ ಸದ್ದು ಏರಿಸಿ ಇಳಿಸುವ ವ್ಯವಸ್ಥೆಯನ್ನು ಹಲವು ಆ್ಯಪ್‌ಗಳಲ್ಲಿ ಆರಿಸಬಹುದು, ಕಾಲರಿಗೆ ಸಿಕ್ಕಿಸುವ ತಂತಿ ಮೈಕು ಕೊಳ್ಳಬಹುದು. ಆದರೂ ಗದ್ದಲ ಅಳಿಸುವ ಗುಂಡಿಯನ್ನೇ ಆಯುತ್ತಾರೆ.

ಗದ್ದಲ ತೆಗೆಯುವುದೇ ತಪ್ಪು ಎಂದಲ್ಲ. ಪಾಡ್‌ಕಾಸ್ಟಿಗೆ, ಮನೆಯವರು ಕೇಳುವುದಕ್ಕೆ ಪ್ರತಿ ಮಾಡಿ, ಆ ಪ್ರತಿಯನ್ನು ಎಷ್ಟು ಬೇಕೋ ಅಷ್ಟು ತೊಳೆಯಲಿ. ಮೂಲವನ್ನು ಮುಟ್ಟಬಾರದು, ಅಷ್ಟೇ; ಕೂಲರ್ ಸಮೇತ ಇಡಬೇಕು. ನಾಳೆ ಇದಕ್ಕಿಂತ ಒಳ್ಳೆಯ ಸಾಧನ ಬಂದರೆ ಅದಕ್ಕೆ ಕೊಡಲು ಕಚ್ಚಾ ಮಾಲು ಬೇಕಲ್ಲ.

ಕೂಲರ್ ಆರಿಸಿ ಎನ್ನುವುದು ಸುಲಭ. ಮೇ ಮಧ್ಯಾಹ್ನ ಮುದುಕರ ಮನೆಯಲ್ಲಿ ಕೂಲರ್ ಆರಿಸುವುದು ಕ್ರೌರ್ಯ, ಅದನ್ನು ಯಾವ ಹಕಾರವೂ ಸಮರ್ಥಿಸದು. ನಾಗಪುರದಲ್ಲಿ ಡಿಸೆಂಬರ್ ಇದೆ, ಜನವರಿ ಇದೆ. ಆಗ ಕೂಲರುಗಳು ಪ್ಲಾಸ್ಟಿಕ್ ಹೊದ್ದು ಮಲಗಿರುತ್ತವೆ, ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಕೂತು ಮಾತಾಡಲು ಜನಕ್ಕೆ ಪುರುಸೊತ್ತೂ ಇರುತ್ತದೆ. ಅನುದಾನದ ಹಣವನ್ನು ಮಾರ್ಚ್ 31ರೊಳಗೆ ಮುಗಿಸಬೇಕೆಂದು ಫೆಬ್ರವರಿಯಲ್ಲಿ ಯಂತ್ರ ಕೊಂಡು ಬೇಸಿಗೆ ರಜೆಯಲ್ಲಿ ಹೊರಡುವವರು, ಆ ಯಂತ್ರದ ಬೆಲೆಯಲ್ಲಿ ಚಳಿಗಾಲದ ಎರಡು ರೈಲು ಟಿಕೆಟ್ ಮತ್ತು ಒಂದು ವಾರದ ಊಟ ಬರುತ್ತಿತ್ತೇ ಎಂದು ಮೊದಲು ಲೆಕ್ಕ ಹಾಕಲಿ.