ಮನೆಯಲ್ಲಿ ಧ್ವನಿಮುದ್ರಣ: ದೋಷವೂ ಪರಿಹಾರವೂ

ಹಾಡು ಹಾಡಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಲೀನವಾಗುವಂಥದು. ಚಿತ್ರಕ್ಕೆ ಭಿತ್ತಿಯುಂಟು, ಮಾತಿಗೆ ಲಿಪಿಯುಂಟು. ಕಂಠಕ್ಕೆ ಮಾತ್ರ ಬಹುಕಾಲ ಯಾವ ಆಸರೆಯೂ ಇರಲಿಲ್ಲ. 1877ರಲ್ಲಿ ಎಡಿಸನ್ ಫೋನೋಗ್ರಾಫ್ ನಿರ್ಮಿಸಿದ ಮೇಲೆ ಆ ಕೊರತೆ ನೀಗಿತು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಲು ಯಂತ್ರವೂ ತಂತ್ರಜ್ಞರೂ ಕಡಲು ದಾಟಿ ಬರಬೇಕಾಗಿತ್ತು. ಇಂದು ಆ ಸೌಕರ್ಯವೆಲ್ಲ ಮನೆಯ ಗಣಕಯಂತ್ರದಲ್ಲಿಯೇ ಅಡಗಿದೆ. 2000ದಲ್ಲಿ ಹೊರಬಂದ ಆಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಅಜ್ಜಿಯ ಸೋಬಾನೆಯ ಪದ, ತಂದೆಯವರ ವಚನಗಾಯನ, ಮಗುವಿನ ಮೊದಲ ಸ್ವರಾಭ್ಯಾಸ ಇವೆಲ್ಲವನ್ನೂ ಕಾಪಿಡುವ ಭಾಗ್ಯ ಈಗ ಪ್ರತಿಯೊಂದು ಕುಟುಂಬಕ್ಕೂ ಒದಗಿದೆ.

ಆದರೆ ಸೌಕರ್ಯದ ಜೊತೆಯಲ್ಲಿ ತೊಡಕುಗಳೂ ಬಂದಿವೆ. ಹಾಡಿದ್ದೇನೋ ಹಾಡಿದ್ದಾಯಿತು, ಕೇಳಿದರೆ ಸದ್ದೇ ಇಲ್ಲ. ಇದ್ದರೂ ಒಡಕು ದನಿ. ಅದೂ ಸರಿಯಿದ್ದರೆ ಶ್ರುತಿಯೇ ಬೇರೆ. ಆಗ ಮನೆಯವರು ಕಂಗಾಲಾಗಿ, ಕಂಡ ಕಂಡ ಗುಂಡಿಗಳನ್ನೆಲ್ಲ ಒತ್ತಿ, ಇದ್ದ ದೋಷಕ್ಕೆ ಇನ್ನೆರಡನ್ನು ಸೇರಿಸುತ್ತಾರೆ. ಅಷ್ಟರಲ್ಲಿ ಹಾಡುತ್ತಿದ್ದ ಹಿರಿಯ ಜೀವ ದಣಿದು ಮಲಗಿರುತ್ತದೆ. ಎಂಬತ್ತರ ವಯಸ್ಸಿನವರನ್ನು ಮತ್ತೊಮ್ಮೆ ಹಾಡಿರೆಂದು ಎಷ್ಟು ಸಲ ಕೇಳಲಾದೀತು?

ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕ ಎಂಬ ವಿಚಾರಕ್ರಮವೊಂದುಂಟು. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ. ಅದು ಇಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಇವೆರಡನ್ನೂ ಪರೀಕ್ಷಿಸಿದ ಮೇಲೆಯೇ ಕಾರಣವನ್ನು ನಿಶ್ಚಯಿಸಬೇಕು. ಧ್ವನಿಮುದ್ರಣದ ದೋಷಗಳನ್ನು ಹುಡುಕಲು ಇದಕ್ಕಿಂತ ಉತ್ತಮವಾದ ಮಾರ್ಗವಿಲ್ಲ. ಕಂಠದಿಂದ ಮೈಕ್, ಮೈಕಿನಿಂದ ತಂತಿ, ತಂತಿಯಿಂದ ಗಣಕಯಂತ್ರ, ಅಲ್ಲಿಂದ ತಂತ್ರಾಂಶ, ಕೊನೆಗೆ ಹೆಡ್‌ಫೋನ್ ಹೀಗೆ ಧ್ವನಿಯು ಸಾಗುವ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಕಾರಣ ತಿಳಿಯದು. ಕಾರಣ ತಿಳಿಯದ ದೋಷ ಮರಳಿ ಬಂದೇ ಬರುತ್ತದೆ.

ಮೊದಲನೆಯದು, ಸದ್ದೇ ದಾಖಲಾಗದಿರುವುದು. ಮೈಕಿನ ಗುಂಡಿ ಮುಚ್ಚಿದೆಯೇ ಎಂದು ನೋಡಿದ ಮೇಲೆ, ತಂತ್ರಾಂಶವು ಯಾವ ಮೈಕಿನಿಂದ ಧ್ವನಿಯನ್ನು ಪಡೆಯುತ್ತಿದೆ ಎಂಬುದನ್ನು ಪರಿಶೀಲಿಸಬೇಕು. ಅನೇಕ ವೇಳೆ ಹೊಸ ಮೈಕನ್ನು ಎದುರಿಗಿಟ್ಟು ಹಾಡುತ್ತಿರುವಾಗ ಲ್ಯಾಪ್‌ಟಾಪಿನ ಒಳಗಿನ ಮೈಕೇ ಕೇಳುತ್ತಿರುತ್ತದೆ. ತಂತ್ರಾಂಶವನ್ನು ತೆರೆದ ಬಳಿಕ ಮೈಕ್ ಜೋಡಿಸಿದ್ದರೆ ಒಮ್ಮೆ ಮುಚ್ಚಿ ಮರಳಿ ತೆರೆಯುವುದು ಲೇಸು. ವಿಂಡೋಸ್ ವ್ಯವಸ್ಥೆಯಲ್ಲಿ ಮೈಕನ್ನು ಬಳಸಲು ತಂತ್ರಾಂಶಗಳಿಗೆ ಅನುಮತಿ ಕೊಡುವ ಸ್ಥಾನ ಪ್ರೈವಸಿ ವಿಭಾಗದಲ್ಲಿದೆ; ಅದು ಮುಚ್ಚಿದ್ದರೆ ಉಳಿದೆಲ್ಲ ಪ್ರಯತ್ನವೂ ವ್ಯರ್ಥ. ಸ್ಟುಡಿಯೋ ಬಗೆಯ ಕಂಡೆನ್ಸರ್ ಮೈಕುಗಳಲ್ಲಿ ಹೆಚ್ಚಿನವಕ್ಕೆ, ಜೋಡಿಸಿದ ಪೆಟ್ಟಿಗೆಯಿಂದ 48 ವೋಲ್ಟ್ ವಿದ್ಯುತ್ತು ಬೇಕು. ಆ ಗುಂಡಿ ಒತ್ತದಿದ್ದರೆ ಅವು ಮೂಕವಾಗಿಯೇ ಇರುತ್ತವೆ.

ಎರಡನೆಯದು, ಒಡಕು ದನಿ. ಗಣಕಯಂತ್ರದ ಅಳತೆಯಲ್ಲಿ ಧ್ವನಿಗೆ ಸೊನ್ನೆ ಡೆಸಿಬಲ್ ಎಂಬ ಮೇಲ್ಮಿತಿಯಿದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಂತೆ, ಆ ಮಿತಿಯನ್ನು ಮೀರಿದುದೆಲ್ಲ ಕತ್ತರಿಸಿ ಹೋಗುತ್ತದೆ. ಹೀಗೆ ಹೋದುದನ್ನು ಆಮೇಲೆ ಯಾವ ಉಪಾಯದಿಂದಲೂ ಮೊದಲಿನಂತೆ ತರಲಾಗದು. ಆದುದರಿಂದ ಹಾಡಿನಲ್ಲಿ ಅತ್ಯಂತ ಎತ್ತರಕ್ಕೇರುವ, ತಾರಸ್ಥಾಯಿಯ ಸಾಲನ್ನು ಮುಂಚಿತವಾಗಿ ಹಾಡಿಸಿ, ಅಳತೆಪಟ್ಟಿಯಲ್ಲಿ ಅದು ಮೈನಸ್ 12ರ ಆಸುಪಾಸಿನಲ್ಲಿ ನಿಲ್ಲುವಂತೆ ಮಟ್ಟವನ್ನು ಇಳಿಸಿಡಬೇಕು. ದನಿ ಸಣ್ಣದೆನಿಸಿದರೆ ಚಿಂತೆಯಿಲ್ಲ. ಸಣ್ಣದನ್ನು ಹಿಗ್ಗಿಸಬಹುದು, ಮುರಿದುದನ್ನು ಕೂಡಿಸಲಾಗದು.

ಮಟ್ಟ ಸರಿಯಿದ್ದೂ ನಡುನಡುವೆ ಚಟಪಟ ಸದ್ದು ಬಂದರೆ ಅದರ ಕಾರಣ ಬೇರೆ. ತಂತ್ರಾಂಶವು ಧ್ವನಿಯನ್ನು ಬಫರ್ ಎಂಬ ಸಣ್ಣ ಸಣ್ಣ ಕಂತುಗಳಲ್ಲಿ ಸ್ವೀಕರಿಸುತ್ತದೆ. ಕಂತು ತೀರ ಚಿಕ್ಕದಾದರೆ ಗಣಕಯಂತ್ರ ಏದುಸಿರು ಬಿಡುತ್ತದೆ. ದೊಡ್ಡದಾದರೆ ಹಾಡಿದ ದನಿ ಹೆಡ್‌ಫೋನಿಗೆ ತಡವಾಗಿ ಮರಳುತ್ತದೆ. ಸೆಕೆಂಡಿಗೆ 44,100 ಅಳತೆಗಳ ವೇಗದಲ್ಲಿ 128 ಅಳತೆಗಳ ಕಂತಿಗೆ ಸುಮಾರು 3 ಮಿಲಿಸೆಕೆಂಡ್, 1,024ಕ್ಕೆ ಸುಮಾರು 23 ಮಿಲಿಸೆಕೆಂಡ್ ತಗಲುತ್ತದೆ. ಹೋಗಿಬರುವ ದಾರಿಯಲ್ಲಿ ಇದು ಇಮ್ಮಡಿಯಾಗುತ್ತದೆ. ಚಟಪಟ ಸದ್ದಿದ್ದರೆ ಕಂತನ್ನು ಹಿಗ್ಗಿಸಿ, ಉಳಿದ ತಂತ್ರಾಂಶಗಳನ್ನು ಮುಚ್ಚಬೇಕು. ತನ್ನ ದನಿ ತಡವಾಗಿ ಕೇಳಿ ತಾಳ ತಪ್ಪುತ್ತಿದ್ದರೆ ಕಂತನ್ನು ಕುಗ್ಗಿಸಬೇಕು. ಬ್ಲೂಟೂತ್ ಹೆಡ್‌ಫೋನುಗಳಲ್ಲಿ ಈ ವಿಳಂಬ ಸ್ವಭಾವತಃ ಅಧಿಕ. ಹಾಡುವಾಗ ತಂತಿಯುಳ್ಳ ಹೆಡ್‌ಫೋನನ್ನೇ ಬಳಸುವುದು ಯೋಗ್ಯ.

ಮೂರನೆಯದು ಸಂಗೀತಗಾರರನ್ನು ಬಹಳ ಕಾಡುವ ದೋಷ: ಶ್ರುತಿ ಬದಲಾಗುವುದು. ಸೆಕೆಂಡಿಗೆ 44,100 ಬಾರಿ ಅಳೆದ ಧ್ವನಿಯನ್ನು 48,000ದ ವೇಗದಲ್ಲಿ ನುಡಿಸಿದರೆ ಐದು ನಿಮಿಷದ ಹಾಡು ಸುಮಾರು ನಾಲ್ಕು ನಿಮಿಷ ಮೂವತ್ತಾರು ಸೆಕೆಂಡುಗಳಲ್ಲಿ ಮುಗಿಯುತ್ತದೆ, ಶ್ರುತಿಯೂ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಮೇಲೇರುತ್ತದೆ. ಹಾಡಿದವರು ತಪ್ಪಲಿಲ್ಲ, ಹಾರ್ಮೋನಿಯಂ ಕೆಟ್ಟಿಲ್ಲ. ಎರಡು ಕಡೆಯ ಸ್ಯಾಂಪಲ್ ರೇಟ್ ಬೇರೆ ಬೇರೆಯಾಗಿದೆ, ಅಷ್ಟೇ. ತಂತ್ರಾಂಶದಲ್ಲಿಯೂ ಗಣಕಯಂತ್ರದ ಧ್ವನಿವ್ಯವಸ್ಥೆಯಲ್ಲಿಯೂ ಒಂದೇ ಸಂಖ್ಯೆಯನ್ನಿಟ್ಟರೆ ತೊಡಕು ಪರಿಹಾರವಾಗುತ್ತದೆ.

ನಾಲ್ಕನೆಯದು, ಹಿನ್ನೆಲೆಯ ಗುಂಯ್‌ಗುಡುವ ಸದ್ದು. ಚಾರ್ಜರ್ ಕಳಚಿ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿದಾಗ ಅದು ನಿಂತರೆ, ಕಾರಣ ಮನೆಯ 50 ಹರ್ಟ್ಸ್ ವಿದ್ಯುತ್ತಿನ ದಾರಿಯಲ್ಲಿದೆ. ವ್ಯತಿರೇಕದ ಪರೀಕ್ಷೆಗೆ ಇದೇ ಉದಾಹರಣೆ. ಬ್ಯಾಟರಿಯಲ್ಲಿಯೇ ಮುದ್ರಿಸಬಹುದು, ಇಲ್ಲವೇ ಎಲ್ಲ ಉಪಕರಣಗಳನ್ನೂ ಸರಿಯಾದ ಅರ್ಥಿಂಗ್ ಇರುವ ಒಂದೇ ಕಡೆಯಿಂದ ಜೋಡಿಸಬಹುದು. ಸದ್ದು ನಿಲ್ಲಿಸುವ ಆಸೆಯಿಂದ ಅರ್ಥ್ ಪಿನ್ನನ್ನು ಮಾತ್ರ ಎಂದಿಗೂ ಕತ್ತರಿಸಬಾರದು. ಅದು ಜೀವಕ್ಕೇ ಅಪಾಯ.

ಬೀಸಣಿಗೆಯ ಸದ್ದಿನಂಥದನ್ನು ಕಳೆಯಲು ನಾಯ್ಸ್ ರಿಡಕ್ಷನ್ ಎಂಬ ಸಾಧನವಿದೆ. ಹಾಡಿಲ್ಲದ ಒಂದೆರಡು ಸೆಕೆಂಡುಗಳ ಸದ್ದನ್ನು ಅದಕ್ಕೆ ಮಾದರಿಯಾಗಿ ತೋರಿಸಬೇಕು; ಅದು ಇಡೀ ಮುದ್ರಣದಿಂದ ಆ ಬಗೆಯ ಸದ್ದನ್ನು ತಗ್ಗಿಸುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಮಾದರಿಯಲ್ಲಿ ತಂಬೂರಿಯ ನಾದ ಸೇರಿದ್ದರೆ ಯಂತ್ರಕ್ಕೆ ಅದೂ ಗದ್ದಲವೇ. ಹಾಡಿನ ಪ್ರಾಣವಾದ ಆಧಾರಶ್ರುತಿಯನ್ನೇ ಅದು ಒರೆಸಿಬಿಡುತ್ತದೆ. ಆದಕಾರಣ ತಂಬೂರಿ ಮೀಟುವ ಮೊದಲೇ ಐದು ಸೆಕೆಂಡು ಎಲ್ಲರೂ ಮೌನವಾಗಿದ್ದು ಆ ಮೌನವನ್ನು ಮುದ್ರಿಸಿಕೊಳ್ಳಬೇಕು. ಈ ಸಾಧನವನ್ನು ಅತಿಯಾಗಿ ಬಳಸಿದರೆ ಕಂಠ ನೀರಿನೊಳಗಿಂದ ಬಂದಂತೆ ಕೇಳಿಸುತ್ತದೆ. ಬೀಸಣಿಗೆಯನ್ನೇ ನಿಲ್ಲಿಸಿ ಹಾಡಿಸುವುದು ಎಲ್ಲಕ್ಕಿಂತ ಮೇಲು.

ಕೊನೆಯದು, ಎಲ್ಲಕ್ಕಿಂತ ದೊಡ್ಡ ನಷ್ಟವನ್ನು ತರುವಂಥದು. ಆಡಾಸಿಟಿಯ ಹಳೆಯ ಆವೃತ್ತಿಗಳಲ್ಲಿ ಸೇವ್ ಮಾಡಿದಾಗ ಒಂದು ಚಿಕ್ಕ ಕಡತ, ಅದರೊಡನೆ ಡೇಟಾ ಎಂಬ ಪ್ರತ್ಯೇಕ ಕೋಶ ಹೀಗೆ ಎರಡು ಸಿದ್ಧವಾಗುತ್ತಿದ್ದವು. ನಿಜವಾದ ಧ್ವನಿ ಇರುತ್ತಿದ್ದುದು ಕೋಶದಲ್ಲಿ. ಕಡತವನ್ನು ಮಾತ್ರ ನಕಲು ಮಾಡಿಕೊಂಡು, ಹಳೆಯ ಯಂತ್ರವನ್ನು ಮಾರಿದವರ ಕೈಯಲ್ಲಿ ಉಳಿಯುವುದು ಬರಿಯ ಹೆಸರು. 2021ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಎರಡೂ ಒಂದಾಗಿವೆ. ಆದರೂ ಸೇವ್ ಮಾಡುವುದು ಬೇರೆ, ಎಕ್ಸ್‌ಪೋರ್ಟ್ ಮಾಡುವುದು ಬೇರೆ. ಮೊದಲನೆಯದು ಕೆಲಸದ ಕಡತ, ಎರಡನೆಯದು ಯಾವ ಯಂತ್ರದಲ್ಲಾದರೂ ನುಡಿಯುವ ಹಾಡು. ಮುದ್ರಣ ಮುಗಿದ ದಿನವೇ ವೇವ್ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಬೇಕು. 44,100ರ ವೇಗದಲ್ಲಿ, 16 ಬಿಟ್, ಮೋನೋ ಆದರೆ ನಿಮಿಷಕ್ಕೆ ಸುಮಾರು 5.3 ಮೆಗಾಬೈಟ್ ಸ್ಥಳ ಸಾಕು. ಎರಡು ಪ್ರತಿಗಳನ್ನು ಎರಡು ಬೇರೆ ಸ್ಥಳಗಳಲ್ಲಿ ಇಡತಕ್ಕದ್ದು. ಬಂಧುಗಳ ಮೊಬೈಲಿಗೆ ಕಳಿಸಲು ಎಂಪಿ3 ಸಾಕು. ಕಾಪಿಡಲು ಅದೊಂದನ್ನೇ ನೆಚ್ಚಬಾರದು.

ಮೇಲಿನ ದೋಷಗಳಲ್ಲಿ ಬಹುಪಾಲು ಹಾಡು ಆರಂಭವಾಗುವ ಮುನ್ನವೇ ನಿವಾರಣೆಯಾಗುವಂಥವು ಎಂಬುದನ್ನು ಓದುಗ ಬಂಧುಗಳು ಗಮನಿಸಿರಬಹುದು. ಆದ್ದರಿಂದ ಮನೆಯ ಕಿರಿಯರು ಮೊದಲು ತಮ್ಮ ದನಿಯನ್ನೇ ಒಂದು ನಿಮಿಷ ಮುದ್ರಿಸಿ, ಎಕ್ಸ್‌ಪೋರ್ಟ್ ಮಾಡಿ, ಬೇರೊಂದು ಯಂತ್ರದಲ್ಲಿ ಕೇಳಲಿ. ಎಲ್ಲವೂ ಸರಿಯಿದೆಯೆಂದು ಖಚಿತವಾದ ಬಳಿಕ ಹಿರಿಯರನ್ನು ಕರೆಯಲಿ. ಆರಂಭದಲ್ಲಿ ಹಾಡುವವರ ಹೆಸರು, ಊರು, ದಿನಾಂಕಗಳನ್ನು ಬಾಯಿಂದಲೇ ಹೇಳಿಸಲಿ; ಐವತ್ತು ವರ್ಷಗಳ ಬಳಿಕ ಕೇಳುವ ಮೊಮ್ಮಕ್ಕಳಿಗೆ ಹಾಡಿನಷ್ಟೇ ಆ ಮಾತೂ ಬೇಕಾಗುತ್ತದೆ. ಯಂತ್ರ ಕೆಟ್ಟರೆ ಇನ್ನೊಂದು ಬರುತ್ತದೆ, ತಂತ್ರಾಂಶ ಹಳತಾದರೆ ಹೊಸದು ಬರುತ್ತದೆ; ಕಂಠ ಮಾತ್ರ ಒಂದೇ. ಯಂತ್ರದ ಪರೀಕ್ಷೆಗೆ ಆ ಕಂಠವನ್ನು ದಣಿಸದಿರೋಣ.